ಕೊಸರಿಗೆ ಬಂದ ಗಾಜು

ಒಳ್ಳೆಯ ವಸ್ತುವನ್ನು ಬರಿಮೈಯಲ್ಲಿ ನೋಡಿದರೆ ನನ್ನ ಜೀವ ಚುರ್ರೆನ್ನುತ್ತದೆ. ಇದು ರೋಗವೋ ಗುಣವೋ ಇನ್ನೂ ತೀರ್ಮಾನವಾಗಿಲ್ಲ. ನಮ್ಮ ಮನೆಯಲ್ಲಿ ಒಂದು ಬೆತ್ತದ ಕುರ್ಚಿಯಿದೆ. ಅದನ್ನು ತಂದು ಹನ್ನೊಂದು ವರ್ಷವಾಯಿತು. ಆ ಬೆತ್ತದ ಬಣ್ಣ ಯಾವುದೆಂದು ನನ್ನ ಹೆಂಡತಿ ನೀಲವ್ವನಿಗೆ ಈಗ ನೆನಪಿಲ್ಲ. ಬೆತ್ತ ಸವೆಯಬಾರದೆಂದು ಗವಸು ಹೊಲಿಸಿದೆ. ಗವಸು ಮಾಸಬಾರದೆಂದು ಅದರ ಮೇಲೊಂದು ಟವೆಲ್ಲು ಹಾಸಿದೆ. ಟವೆಲ್ಲು ಕೊಳೆಯಾಗಬಾರದೆಂದು ನಾವೆಲ್ಲ ಚಾಪೆಯ ಮೇಲೆ ಕೂಡುತ್ತೇವೆ. ನನ್ನ ಛತ್ರಿಯ ಕಥೆಯೂ ಅಷ್ಟೇ. ಮಳೆ ಜೋರಾಯಿತೆಂದರೆ ಅದನ್ನು ಕೋಟಿನೊಳಗೆ ಸೇರಿಸಿಕೊಂಡು ನಾನು ನೆನೆಯುತ್ತೇನೆ. ನಗುವವರು ನಗಬಹುದು. ಅಪ್ಪನ ಆಸ್ತಿಯಲ್ಲಿ ಬಂದ ಛತ್ರಿಗೂ ಸ್ವಂತ ಬೆವರಿನಲ್ಲಿ ತಂದ ಛತ್ರಿಗೂ ವ್ಯತ್ಯಾಸವಿದೆ, ಎರಡನೆಯದಕ್ಕೆ ನೆಗಡಿಯಾಗುತ್ತದೆ.

ನಾನು ಧಾರವಾಡದ ಕಡೆಯವನು. ಮೀಸೆ ಮೂಡುವ ಮೊದಲೇ ಪುಣೆಗೆ ಬಂದು, ಬುಧವಾರ ಪೇಠೆಯಲ್ಲಿ ಒಬ್ಬ ಮರಾಠಿ ಫೋಟೋದವರ ಕತ್ತಲೆ ಕೋಣೆಯಲ್ಲಿ, ಚಿತ್ರ ಮೂಡುವ ಗಾಜಿನ ಪ್ಲೇಟು ತೊಳೆಯುವ ಕೆಲಸಕ್ಕೆ ನಿಂತೆ. ತೊಳೆಯುತ್ತ ತೊಳೆಯುತ್ತ ಕಲಿತೆ; ಕಲಿಯುತ್ತ ಕಲಿಯುತ್ತ ಅವರ ಗಿರಾಕಿಗಳ ಮುಖಪರಿಚಯ ಮಾಡಿಕೊಂಡೆ; ಆಮೇಲೆ ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಮಾಳಿಗೆ ಹಿಡಿದು ನನ್ನದೇ ಬೋರ್ಡು ಹಾಕಿದೆ. ನನ್ನ ಅಂಗಡಿಯಲ್ಲಿ ಹೇಳಿಕೊಳ್ಳುವಂಥ ವಸ್ತು ಒಂದೇ: ಜರ್ಮನಿಯ ಒಂದು ಲೆನ್ಸು. ದಂಡಿನ ಕ್ಯಾಂಪಿನ ಬಂಗಲೆಯೊಂದರಲ್ಲಿ ವಿಲಾಯತಿಗೆ ಹೊರಟು ನಿಂತ ದೊರೆಯೊಬ್ಬ ಸಾಮಾನು ಮಾರುತ್ತಿದ್ದಾಗ ಅದನ್ನು ಹಿಡಿದೆ. ಹಿಡಿದ ರೀತಿಯನ್ನು ಹೇಳುತ್ತೇನೆ, ಉಪಯೋಗಕ್ಕೆ ಬಂದೀತು. ನಿಮಗೆ ಬೇಕಾದ ವಸ್ತುವಿನ ಕಡೆ ತಪ್ಪಿಯೂ ಕಣ್ಣು ಹಾಯಿಸಬಾರದು. ನಾನು ಮುರಿದ ಕುದುರೆ ಜೀನನ್ನು ಅರ್ಧ ಗಂಟೆ ತಿರುವಿ ನೋಡಿದೆ, ಹೊಲಿಗೆ ಎಣಿಸಿದೆ, ನಿಟ್ಟುಸಿರು ಬಿಟ್ಟೆ. ಕುದುರೆಯೇ ಇಲ್ಲದವನು ಜೀನಿನ ಮೇಲೆ ಅಷ್ಟು ಪ್ರೀತಿ ತೋರಿಸಿದ್ದನ್ನು ಕಂಡು ದೊರೆಗೆ ಕನಿಕರ ಬಂತು. ಹೊರಡುವಾಗ ಬಾಗಿಲಲ್ಲಿ ನಿಂತು, "ಆ ಗುಂಡನೆಯ ಗಾಜೇನು, ಮಕ್ಕಳ ಆಟಕ್ಕಾದೀತೆ?" ಎಂದು ಕೇಳಿದೆ. ಹೀಗೆ ಬಂದದ್ದು ನನ್ನ ಅನ್ನ.

ಅನ್ನ ಎಂದದ್ದು ಅಲಂಕಾರಕ್ಕಲ್ಲ. ಯುದ್ಧ ಶುರುವಾದ ಮೇಲೆ ಜರ್ಮನಿಯಿಂದ ಲೆನ್ಸು ಬರುವ ಮಾತೇ ಇಲ್ಲ. ಇದ್ದದ್ದು ಒಡೆದರೆ ನಾನು ಮತ್ತೆ ಯಾರದೋ ಪ್ಲೇಟು ತೊಳೆಯಬೇಕು. ಪ್ಲೇಟು ಸಿಗುವುದೂ ಕಷ್ಟವಾಗಿತ್ತು, ಅದು ಬೇರೆ ಮಾತು. ಇಂಥ ಲೆನ್ಸಿಗೆ ಮೊದಲ ಗಂಡಾಂತರ ಬಂದದ್ದು ನಮ್ಮ ಮನೆಯಲ್ಲಿಯೇ, ಅದೂ ಖಂಡೆನವಮಿಯ ದಿನ. ನಮ್ಮ ಕಡೆ ಅಂದು ದುಡಿಯುವ ಆಯುಧಗಳನ್ನೆಲ್ಲ ಪೂಜಿಸುತ್ತಾರೆ. ನಾನು ಸ್ನಾನ ಮುಗಿಸಿ ಬರುವುದರೊಳಗೆ ನೀಲವ್ವ ಕತ್ತರಿಗೆ, ಕುಡುಗೋಲಿಗೆ, ತೂಗುವ ತಕ್ಕಡಿಗೆ ಕುಂಕುಮ ಹಚ್ಚಿ ಕ್ಯಾಮೆರಾದ ಹತ್ತಿರ ಬಂದಿದ್ದಳು. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಿನಿಂದ ಸರಿಯಾಗಿ ಲೆನ್ಸಿನ ನಡುವೆ ಒತ್ತಿ, ಮೇಲೆ ಅಕ್ಷತೆಯನ್ನೂ ಅಂಟಿಸಿದ್ದಳು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದರು. ನೀಲವ್ವ ಮಾತ್ರ ಗಾಬರಿಯಾಗಲಿಲ್ಲ. "ಅದಕ್ಕ ಇರೋದು ಒಂದ ಕಣ್ಣು. ಅಲ್ಲಿ ಬಿಟ್ಟು ಮತ್ತೆಲ್ಲಿ ಹಚ್ಚಲಿ?" ಎಂದು ಕೇಳಿದಳು. ಮೂರು ದಿನ ಹಳೆಯ ಧೋತರದ ತುಂಡಿನಿಂದ, ಕೂಸಿನ ಮೂಗು ಒರೆಸುವಷ್ಟು ಮೆತ್ತಗೆ ಆ ಎಣ್ಣೆ ಒರೆಸಿದೆ.

ಅಂದೇ ನಿಶ್ಚಯ ಮಾಡಿದೆ: ಲೆನ್ಸಿಗೆ ಒಂದು ರಕ್ಷೆ ಬೇಕು, ಮುಂದೊಂದು ಗಾಜು ಇರಬೇಕು. ಧೂಳು, ಸೀನು, ರಂಗಪಂಚಮಿಯ ಬಣ್ಣ, ಹೆಂಡತಿಯ ಭಕ್ತಿ, ಏನು ಬಂದರೂ ಅದರ ಮೇಲೆ ಬೀಳಲಿ. ಅದಕ್ಕೆಂದೇ ಮಾಡಿದ ಗಾಜು ವಿಲಾಯತಿಯಿಂದ ಬರುತ್ತಿತ್ತಂತೆ. ಈಗ ಬರುತ್ತಿರಲಿಲ್ಲ, ಬಂದಿದ್ದರೂ ನಾನು ಕೊಳ್ಳುತ್ತಿರಲಿಲ್ಲ. ಹಳೆಯ ಸಾಮಾನು ಮಾರುವ ಜುನಾ ಬಾಜಾರದಲ್ಲಿ ಒಂದು ತಗಡಿನ ಡಬ್ಬಿ ಕೊಂಡೆ. ವ್ಯಾಪಾರ ಮುಗಿದ ಮೇಲೆ ಕೊಸರು ಕೇಳದೆ ಬರುವವನು ಗಿರಾಕಿಯಲ್ಲ, ದಾನಿ. ಕೇಳಿದೆ. ಅಂಗಡಿಯವನು ಬೇಸತ್ತು, ಸತ್ತ ಗೋಡೆ ಗಡಿಯಾರವೊಂದರ ಮುಂದಿನ ಗಾಜನ್ನು ಕಿತ್ತು ಕೈಗಿಟ್ಟ. ಕನ್ನಡಕದವನೊಬ್ಬನಿಂದ ಅದನ್ನು ದುಂಡಗೆ ಕೊಯ್ಯಿಸಿಕೊಂಡು ತಾಂಬಟ ಆಳಿ ಎಂಬ ತಾಮ್ರಗಾರರ ಓಣಿಗೆ ಹೋಗಿ, ಅಲ್ಲಿ ಒಬ್ಬನಿಗೆ ಅದನ್ನು ಹಿಡಿದಿಡುವ ಬಳೆ ಮಾಡಲು ಹೇಳಿದೆ. "ಲೆನ್ಸಿನ ಮೂತಿಗೆ ಗಚ್ಚಾಗಿ ಕೂಡಬೇಕು. ಎಷ್ಟು ಗಚ್ಚೆಂದರೆ, ನಾನೇ ತೆಗೆಯಲು ಬಂದರೂ ಬರಬಾರದು" ಎಂದೆ. ಅವನು ಜನ್ಮದಲ್ಲಿ ಮೊದಲ ಸಲ ಗಿರಾಕಿ ಹೇಳಿದ ಹಾಗೆಯೇ ಮಾಡಿಕೊಟ್ಟ.

ಅಲ್ಲಿಂದ ಮುಂದೆ ಕ್ಯಾಮೆರಾ ಇದ್ದವರು ಯಾರು ಸಿಕ್ಕರೂ ಗಾಜು ಹಾಕಿಸಿರೆಂದು ಹೇಳತೊಡಗಿದೆ. ಕೇಳದವರಿಗೂ ಹೇಳಿದೆ. ಕ್ಯಾಮೆರಾ ಇಲ್ಲದವರಿಗೆ, ಮುಂದೆ ಕೊಂಡಾಗ ನೆನಪಿರಲಿ ಎಂದೆ. ಒಪ್ಪದವರು ಒಬ್ಬರೇ, ಕುಲಕರ್ಣಿ ಮಾಸ್ತರರು. ಬೆಳಗಾವಿಯವರು, ಇಲ್ಲಿ ಒಂದು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಾರೆ. ಫೋಟೋ ಹವ್ಯಾಸ ಬೇರೆ, ಇಂಗ್ಲಿಷ್ ಮಾಸಪತ್ರಿಕೆ ಓದುವ ಚಟ ಬೇರೆ. ನಾವಿಬ್ಬರೂ ದಿನಾ ಸಂಜೆ ವಾಸುದೇವ ಭಟ್ಟರ ಹೋಟೆಲಿನಲ್ಲಿ ಸೇರುತ್ತಿದ್ದೆವು. ಭಟ್ಟರು ದಕ್ಷಿಣ ಕನ್ನಡದವರು. ನಮ್ಮ ಬೀದಿಯ ಮೂಲೆಯಲ್ಲಿ ಅವರ ಹೋಟೆಲು, ಮೇಲೆ ಅವರ ಮನೆ. ನನ್ನ ಗಾಜನ್ನು ನೋಡಿದ ದಿನ ಮಾಸ್ತರರು ಕಾಫಿ ಕೆಳಗಿಟ್ಟು, "ಚನ್ನಪ್ಪನವರ, ರೇಶ್ಮಿ ರುಮಾಲಿನ ಮ್ಯಾಲೆ ಗೋಣಿಚೀಲಾ ಹೊತ್ಗೊಂಡು ಮದವಿಗೆ ಹೊಂಟಂಗಾತು ಇದು" ಎಂದರು.

ನಾನು ಬಿಡುವವನೇ? "ಕಿಟಕಿಗೆ ಗಾಜು ಇದ್ರ ಹೊರಗಿಂದು ಕಾಣಂಗಿಲ್ಲೇನ್ರಿ ಮಾಸ್ತರ?" ಎಂದೆ.

"ಹಗಲೊತ್ತು ಕಾಣತದ. ಒಳಗ ದೀಪಾ ಹಚ್ಚಿದ ಮ್ಯಾಲೆ ನೋಡ್ರಿ, ಹೊರಗಿಂದು ಕಾಣತದೋ ನಿಮ್ಮ ಮಾರಿನ ಕಾಣತದೋ."

ನನ್ನ ಮಾಳಿಗೆಯಲ್ಲಿ ದೀಪದ ಗೊಡವೆಯೇ ಇರಲಿಲ್ಲ. ಉತ್ತರದ ಕಿಟಕಿಯ ಬೆಳಕಿನಲ್ಲೇ ನನ್ನ ಕೆಲಸವೆಲ್ಲ. ಅದನ್ನೇ ಹೇಳಿದೆ. ಅವರು ತಲೆಯಾಡಿಸಿದರು. ಈ ವಾದ ಒಂದು ವರ್ಷ ನಡೆಯಿತು. ಭಟ್ಟರು ಗಲ್ಲೆಯಲ್ಲಿ ಕೂತು ಕೇಳುತ್ತ, "ನಿಮ್ಮಿಬ್ಬರ ಗಾಜಿನಲ್ಲಿ ನನ್ನ ಕಾಫಿ ತಣಿಯುತ್ತದೆ ಮಾರಾಯ್ರೆ" ಎನ್ನುತ್ತಿದ್ದರು.

ಆಗ ಬಂದರು ಭಟ್ಟರ ತಾಯಿ, ಕಾವೇರಮ್ಮ. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ಯಾರೋ ನಿಂತಿದ್ದಾರೆ ಎಂಬಷ್ಟು ಮಾತ್ರ ಕಾಣುತ್ತಿತ್ತು. ಪುಣೆಯಲ್ಲಿ ಪೊರೆ ತೆಗೆಯುವ ಒಳ್ಳೆಯ ಡಾಕ್ಟರರಿದ್ದಾರೆಂದು ಭಟ್ಟರು ಅವರನ್ನು ಊರಿಂದ ಕರೆಸಿಕೊಂಡಿದ್ದರು. ಬಂದ ಮೇಲೆ ಅಮ್ಮ ಒಲ್ಲೆನೆಂದರು. ಕಣ್ಣಿಗೆ ಕತ್ತಿ ತಾಗಿಸಲು ಬಿಡುವುದಿಲ್ಲ, ಇದ್ದಷ್ಟು ಬೆಳಕು ಸಾಕು. ಮೂರು ವಾರ ಮಗ, ಸೊಸೆ, ಡಾಕ್ಟರರು ಎಲ್ಲರೂ ಹೇಳಿದರು. ಇನ್ನು ನಾನು ಸುಮ್ಮನಿರುವುದುಂಟೇ? ಒಂದು ಸಂಜೆ ಮೇಲೆ ಹೋಗಿ ಅವರ ಎದುರಿಗೆ ಕೂತು ಒಂದು ಗಂಟೆ ಬುದ್ಧಿ ಹೇಳಿದೆ. "ಅಮ್ಮಾ, ಅದಕ್ಯಾಕ ಇಷ್ಟು ಅಂಜತೀರಿ? ಪೊರಿ ತಗಿಯೋದಂದ್ರ ಹಾಲಿನ ಮ್ಯಾಲಿನ ಕೆನಿ ತಗದಂಗ" ಎಂದೆ. ಅವರು ಶಾಂತವಾಗಿ ಕೇಳಿಸಿಕೊಂಡು, "ನಿಮ್ಮ ಕಣ್ಣಿಗೆ ಬಂದಾಗ ಹೇಳಿ" ಎಂದು ಎದ್ದುಹೋದರು.

ಕೊನೆಗೆ ಭಟ್ಟರು ಸೋತು ಹುಬ್ಬಳ್ಳಿ ಗಾಡಿಗೆ ಟಿಕೆಟು ತೆಗೆಸಿದರು. ಅಲ್ಲಿಂದ ಮುಂದೆ, ಪೆಟ್ರೋಲಿನ ಬರದಿಂದ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು, ಘಟ್ಟ; ಆ ವಯಸ್ಸಿನಲ್ಲಿ ಇನ್ನೊಮ್ಮೆ ಆ ದಾರಿ ಹತ್ತಿ ಬರುವುದು ಕನಸಿನ ಮಾತು. ಟಿಕೆಟು ತೆಗೆಸಿದ ದಿನ ಅವರು ನನ್ನ ಮಾಳಿಗೆಗೆ ಬಂದರು. ಗಲ್ಲೆಯ ಹಿಂದಿಲ್ಲದ ಭಟ್ಟರನ್ನು ನಾನು ಕಂಡದ್ದು ಅದೇ ಮೊದಲು; ಯಾಕೋ ಸಣ್ಣಗೆ ಕಂಡರು. "ಅಪ್ಪ ಹೋದಾಗ ನನಗೆ ಐದು ವರ್ಷ. ಪಟ ಇಲ್ಲ. ಮುಖ ಹೇಗಿತ್ತು ಅಂತ ಈಗ ಎಷ್ಟು ಯೋಚನೆ ಮಾಡಿದರೂ ಬರುವುದಿಲ್ಲ. ಅಮ್ಮನದೊಂದಾದರೂ ಬೇಕು. ಚೆಂದ ಬೇಡ, ಮುಖ ಬಂದರೆ ಸಾಕು" ಎಂದರು. ನನ್ನ ಹತ್ತಿರ ಎರಡೇ ಪ್ಲೇಟು ಉಳಿದಿದ್ದವು. ಎರಡನ್ನೂ ಅವರಿಗೆಂದು ತೆಗೆದಿಟ್ಟೆ. ಚೌಕಾಸಿ ಮಾಡಲಿಲ್ಲ; ಮಾಡಲು ಬಾಯಿ ಬರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಕ್ಯಾಮೆರಾ ಹೊತ್ತು ಹೋದೆ. ಮಾಸ್ತರರೂ ಬಂದಿದ್ದರು, ಬೆಳಕು ತಿರುಗಿಸಲು ಬಿಳಿ ಚಾದರ ಹಿಡಿಯುವ ನೆಪದಲ್ಲಿ. ಬೀದಿಯಲ್ಲಿ ಟಾಂಗಾ ನಿಂತಿತ್ತು. ಮೇಲಿನ ಕೋಣೆ ಇಕ್ಕಟ್ಟು. ಅಮ್ಮ ತಲೆಯ ಮೇಲೆ ಸೆರಗು ಹೊದ್ದು ಮಣೆಯ ಮೇಲೆ ಕೂತಿದ್ದರು. ಕಾಲಿನ ಮುಂದೆ ಹಿತ್ತಾಳೆಯ ದೀಪ, ದಪ್ಪ ಬತ್ತಿ, ಎದ್ದು ಉರಿಯುತ್ತಿತ್ತು. ಪಟಕ್ಕೆ ಕೂಡಲು ಅವರು ಎರಡು ಷರತ್ತು ಹಾಕಿದ್ದರು. ಒಂದು, ದೀಪ ಎದುರಿಗಿರಬೇಕು, ಹಚ್ಚಿದ ಮೇಲೆ ಅಲುಗಿಸಬಾರದು. ಎರಡು, ತಮ್ಮನ್ನು ನೋಡುವ ಯಂತ್ರಕ್ಕೆ ಮೊದಲು ಪೂಜೆಯಾಗಬೇಕು.

ಸೊಸೆ ಆರತಿ ತಟ್ಟೆ ಹಿಡಿದು ಕ್ಯಾಮೆರಾದ ಮುಂದೆ ನಿಂತು, ಕುಂಕುಮ ಎಲ್ಲಿಗೆ ಹಚ್ಚುವುದೆಂದು ಕೇಳಿದರು. "ಕಣ್ಣಿಗೇ ಹಚ್ಚು. ಅದಕ್ಕೆ ಹಣೆ ಎಲ್ಲುಂಟು?" ಎಂದರು ಅಮ್ಮ. ಎಣ್ಣೆ ಕುಂಕುಮದ ಬೆರಳು ನೇರವಾಗಿ ಬಂತು. ಖಂಡೆನವಮಿಯ ಆ ಕೂಗು ನನ್ನ ಗಂಟಲಿಗೆ ಬಂದು ಅಲ್ಲೇ ನಿಂತಿತು. ಯಾಕೆಂದರೆ ಬೆರಳು ಒತ್ತಿದ್ದು ಗಡಿಯಾರದ ಗಾಜಿನ ಮೇಲೆ. ನಾನು ಮಾಸ್ತರರ ಕಡೆ ನಿಧಾನವಾಗಿ ತಿರುಗಿ ನೋಡಿದೆ. ಒಂದು ವರ್ಷದ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಮಾಸ್ತರರು ಚಾದರದ ಹಿಂದೆ ಮುಖ ಮರೆಸಿಕೊಂಡರು. ಕುಂಕುಮ ಒರೆಸಿ, ಗೆದ್ದವನ ಹೆಮ್ಮೆಯಿಂದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕ್ಯಾಮೆರಾದ ಹಿಂದಿನ ಮಸುಕು ಗಾಜಿನಲ್ಲಿ ಜಗತ್ತೆಲ್ಲ ತಲೆಕೆಳಗಾಗಿ ಕಾಣುತ್ತದೆ. ನಮಗದು ರೂಢಿ. ಅಮ್ಮ ತಲೆಕೆಳಗಾಗಿ ಕೂತಿದ್ದರು, ಅವರ ಮೇಲೆ ದೀಪ ತಲೆಕೆಳಗಾಗಿ ಉರಿಯುತ್ತಿತ್ತು. ಎಲ್ಲ ಸರಿ. ಆದರೆ ಅಮ್ಮನ ಮುಖದ ನಡುವೆ ಇನ್ನೊಂದು ದೀಪವಿತ್ತು. ಸಣ್ಣದು, ಮಂಕು, ಮತ್ತು ಅದೊಂದೇ ನೆಟ್ಟಗೆ ಉರಿಯುತ್ತಿತ್ತು. ಬಟ್ಟೆಯಿಂದ ತಲೆ ಹೊರಗೆ ತೆಗೆದು ನೋಡಿದೆ. ಕೋಣೆಯಲ್ಲಿ ದೀಪ ಒಂದೇ. ಮತ್ತೆ ಒಳಗೆ ಹೋದೆ. ಎರಡು.

ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ದೀಪದ ಬೆಳಕು ಲೆನ್ಸಿನ ಒಳಗೆ ಹೋಗಿ, ಅಲ್ಲಿಂದ ಪುಟಿದು, ನನ್ನ ಕೊಸರಿನ ಗಾಜಿನ ಬೆನ್ನಿಗೆ ಬಡಿದು ಮತ್ತೆ ಒಳಗೆ ಬರುತ್ತಿತ್ತು. ಕ್ಯಾಮೆರಾವನ್ನು ಗೇಣು ಎಡಕ್ಕೆ ಸರಿಸಿದೆ. ಆ ದೀಪ ಅಮ್ಮನ ಕಿವಿಗೆ ಲೋಲಕದಂತೆ ಜೋತುಬಿತ್ತು. ಬಲಕ್ಕೆ ಸರಿಸಿದೆ, ಇನ್ನೊಂದು ಕೆನ್ನೆಗೆ ಬಂತು. ಇನ್ನೂ ಸರಿಸೋಣವೆಂದರೆ ಹಿಂದೆ ಗೋಡೆ, ಪಕ್ಕದಲ್ಲಿ ಕಪಾಟು, ಅಮ್ಮನ ಭುಜವೇ ಚಿತ್ರದಿಂದ ಹೊರಗೆ ಹೋಗುತ್ತಿತ್ತು. ಮೇಲಾಗಿ, ಒರೆಸಿದರೂ ಉಳಿದ ಕುಂಕುಮದ ಎಣ್ಣೆಯಿಂದ ಮುಖಕ್ಕೆಲ್ಲ ಮಂಜು ಕವಿದಿತ್ತು. ಭಟ್ಟರಿಗೆ ಬೇಕಾದದ್ದು ಒಂದು ಮುಖ. ನನ್ನ ಪಟದಲ್ಲಿ ಅದೊಂದೇ ಬರುತ್ತಿರಲಿಲ್ಲ.

ಬಟ್ಟೆಯೊಳಗೆ ನಾನು ಬೆವರತೊಡಗಿದೆ. ಗಾಜು ತೆಗೆದರೆ ಎಲ್ಲ ಸರಿಯಾಗುತ್ತದೆ. ಆದರೆ ಮಾಸ್ತರರ ಎದುರಿಗೆ ತೆಗೆಯಬೇಕು. ನಿಜ ಹೇಳುತ್ತೇನೆ, ಒಬ್ಬ ಮಗ ತನ್ನ ತಾಯಿಯ ಮುಖಕ್ಕಾಗಿ ಪಕ್ಕದಲ್ಲಿ ಕೈಕಟ್ಟಿ ನಿಂತಿರುವಾಗ, ನಾನು ಎರಡು ನಿಮಿಷ ಯೋಚಿಸಿದ್ದು ನನ್ನ ಮುಖದ ಬಗ್ಗೆ. ಕೊನೆಗೆ ಹೊರಬಂದು, ಗಾಜಿಗೆ ಇನ್ನೂ ಎಣ್ಣೆ ಹತ್ತಿದೆ, ಬಿಚ್ಚಿ ಒರೆಸುತ್ತೇನೆ ಎಂದು ಯಾರನ್ನೂ ನೋಡದೆ ಹೇಳಿ, ತಾಮ್ರದ ಬಳೆಗೆ ಕೈ ಹಾಕಿದೆ.

ಬಳೆ ಅಲುಗಲಿಲ್ಲ. ಧೋತರದ ಚುಂಗು ಸುತ್ತಿ ತಿರುವಿದೆ. ಹಲ್ಲು ಕಚ್ಚಿ ತಿರುವಿದೆ. ಕಿರ್ರೆಂದು ಏನೋ ತಿರುಗಿತು. ನೋಡಿದರೆ ಬಳೆಯಲ್ಲ, ಇಡೀ ಲೆನ್ಸೇ ಕ್ಯಾಮೆರಾದ ಮುಂದಿನ ಹಲಗೆಯಿಂದ ಬಿಚ್ಚಿ ನನ್ನ ಅಂಗೈಗೆ ಬಂದಿತ್ತು, ಗಾಜನ್ನು ತಬ್ಬಿಕೊಂಡೇ. ಕೆಳಗಿನಿಂದ ಟಾಂಗಾದವನು ಮರಾಠಿಯಲ್ಲಿ ಕೂಗಿದ. ಮಾಸ್ತರರು ಚಾದರ ಬಿಟ್ಟು ಹತ್ತಿರ ಬಂದು, ಲೆನ್ಸು ನೋಡಿ, ದೀಪ ನೋಡಿ, ಎಲ್ಲ ತಿಳಿದುಕೊಂಡರು. ನಗಬಹುದಿತ್ತು. ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು, ಜಗಳವಾಡಿ ಹೊತ್ತು ಕಳೆಯಬಹುದಿತ್ತು. "ದೀಪಾ ಎರಡು ಕಂಡ್ವೇನ್ರಿ?" ಎಂದು ಸಣ್ಣ ದನಿಯಲ್ಲಿ ಕೇಳಿದರು, ಅಷ್ಟೇ. ಆಮೇಲೆ ಅವರೂ ತಿರುವಿದರು, ಭಟ್ಟರೂ ತಿರುವಿದರು. ನಾನೇ ತೆಗೆಯಲು ಬಂದರೂ ಬರಬಾರದೆಂದು ಹೇಳಿ ಮಾಡಿಸಿದ್ದ ಬಳೆ ಅದು.

ಉಳಿದದ್ದು ಒಂದೇ ದಾರಿ: ಗಾಜನ್ನು ಒಡೆಯುವುದು. ಅದರ ಬೆನ್ನಿಗೆ, ಒಂದು ಅಕ್ಕಿಕಾಳಿನಷ್ಟು ಅಂತರದಲ್ಲಿ, ನನ್ನ ಲೆನ್ಸಿನ ಉಬ್ಬು ಇತ್ತು. ಚೂರು ಒಳಗೆ ಬಿದ್ದರೆ, ಪೆಟ್ಟು ತುಸು ಜೋರಾದರೆ, ನನ್ನ ಅಂಗಡಿ ಆ ಕೋಣೆಯಲ್ಲೇ ಮುಚ್ಚಿಹೋಗುತ್ತಿತ್ತು. ನಾನು ಲೆನ್ಸನ್ನು ಎದೆಗೆ ಒತ್ತಿಕೊಂಡು, ಭಟ್ಟರೇ, ಇಂದು ಆಗುವುದಿಲ್ಲ, ಅಮ್ಮನನ್ನು ಇನ್ನೊಂದು ದಿನ ನಿಲ್ಲಿಸಿಕೊಳ್ಳಿ, ತಾಂಬಟ ಆಳಿಗೆ ಹೋಗಿ ಬರುತ್ತೇನೆ ಎಂದೆ. ಅಮ್ಮ ಒಮ್ಮೆ ನಿಲ್ಲುವುದಿಲ್ಲ ಎಂದ ಮೇಲೆ ನಿಲ್ಲುವವರಲ್ಲ ಎಂಬುದು ಮೂರು ವಾರದಿಂದ ಇಡೀ ಬೀದಿಗೆ ಗೊತ್ತಿತ್ತು. ಭಟ್ಟರು ಹೋಗಿ ತಾಯಿಯ ಟ್ರಂಕಿಗೆ ಹಗ್ಗ ಬಿಗಿಯತೊಡಗಿದರು. ಆ ಗಂಟು ಅಷ್ಟು ಹೊತ್ತು ಹಿಡಿಯುವಂಥದ್ದಲ್ಲ.

ಆಗ ಅಮ್ಮ ಮಣೆಯ ಮೇಲಿಂದಲೇ ಕೇಳಿದರು. "ಎಂತ ಆಯ್ತು ಪಟದವರೆ?"

ಸುಳ್ಳು ಹೇಳಬಹುದಿತ್ತು, ಕಣ್ಣು ಕಾಣದವರ ಎದುರಿಗೆ ಯಾಕೋ ಬಾಯಿ ಬರಲಿಲ್ಲ. ಎಲ್ಲ ಹೇಳಿದೆ. ಗಾಜು, ಬಳೆ, ದೀಪ, ಜರ್ಮನಿ, ಯುದ್ಧ.

"ಅಂದರೆ ನಿಮ್ಮ ಯಂತ್ರದ ಕಣ್ಣಿಗೂ ಪೊರೆ ಉಂಟು" ಎಂದರು ಅಮ್ಮ.

"ಹಂಗ ಅನ್ನೂದಾದ್ರ ಅನ್ರಿ."

"ತೆಗೀರಿ ಮತ್ತೆ. ಹಾಲಿನ ಕೆನೆ ತೆಗೆದ ಹಾಗೆ."

ಮಾಸ್ತರರು ಕೆಮ್ಮಿದರು. ನಾನು, ಅಮ್ಮಾ, ಅಷ್ಟು ಸುಲಭವಲ್ಲ, ಒಳಗಿನದಕ್ಕೆ ಪೆಟ್ಟು ಬಿದ್ದರೆ ನಾನು ಕುರುಡನಾದಂತೆ ಎಂದೆ. ಹೇಳಿದ ಮೇಲೆ ನನಗೇ ಕೇಳಿಸಿತು. ಅವರು ಮೂರು ವಾರದಿಂದ ಎಲ್ಲರಿಗೂ ಹೇಳುತ್ತ ಬಂದಿದ್ದದ್ದು ಅದನ್ನೇ.

ಅಮ್ಮ ನಾನು ನಿಂತಿದ್ದ ಕಡೆಗೆ ಮುಖ ಮಾಡಿ, "ಒಂದು ಮಾತು. ನೀವು ನಿಮ್ಮದನ್ನು ತೆಗೀರಿ. ಅದು ಸರಿಯಾಗಿ ನೋಡಿತು ಅಂತಾದರೆ, ನಾನು ನನ್ನದನ್ನು ತೆಗೆಸ್ತೇನೆ" ಎಂದರು.

ಟ್ರಂಕಿನ ಹಗ್ಗ ಎಳೆಯುವ ಸದ್ದು ನಿಂತಿತು. ನಾನು ಹುಟ್ಟುಗುಣದಂತೆ, ಮೊದಲು ನೀವು ಆಸ್ಪತ್ರೆಗೆ ಹೂಂ ಅನ್ನಿ, ಆಮೇಲೆ ನಾನು, ಎಂದು ಎಳೆದು ನೋಡಿದೆ. "ಚೌಕಾಸಿ ಇಲ್ಲ" ಎಂದರು. ದೊರೆಯ ಎದುರಿಗೆ ಜೀನು ಹಿಡಿದು ಕೂತ ನಾನು, ಬಾಗಿಲಲ್ಲಿ ನಿಂತು ಕೊನೆಯ ಮಾತು ಹೇಳುವವನು ನಾನು. ಅಂದು ಕೊನೆಯ ಮಾತು ನನ್ನದಾಗಲಿಲ್ಲ. ಭಟ್ಟರನ್ನು ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದರು. ಟಾಂಗಾದವನು ಎರಡನೆಯ ಸಲ ಕೂಗಿದ.

ದಾರಿ ತೋರಿಸಿದವರು ಮಾಸ್ತರರೇ. ಬಾಂಬಿನ ಭಯಕ್ಕೆ ಅವರ ಶಾಲೆಯ ಕಿಟಕಿಗಳಿಗೆ ಕಾಗದದ ಪಟ್ಟಿ ಅಂಟಿಸಿದ್ದರಂತೆ, ಗಾಜು ಒಡೆದರೂ ಚೂರು ಸಿಡಿಯದಿರಲೆಂದು. ಸೊಸೆ ಅಡಿಗೆಮನೆಗೆ ಓಡಿ ಮೈದಾದ ಅಂಟು ಕುದಿಸಿ ತಂದರು. ಮಾಸ್ತರರು ತಮ್ಮ ಡ್ರಾಯಿಂಗಿನ ಅಚ್ಚುಕಟ್ಟುತನದಿಂದ ಗಾಜಿನ ಮೇಲೆ ಪದರ ಪದರವಾಗಿ ತೆಳು ಬಟ್ಟೆ ಅಂಟಿಸಿದರು. ಒಣಗಬೇಕಲ್ಲ, ಸೊಸೆ ಬೀಸಣಿಗೆ ಹಿಡಿದು ಬೀಸತೊಡಗಿದರು. ಜ್ವರ ಬಂದ ಕೂಸನ್ನು ಮಲಗಿಸಿಕೊಂಡಂತೆ ಲೆನ್ಸನ್ನು ಮಡಿಲಲ್ಲಿಟ್ಟುಕೊಂಡು ನಾನು ಕೂತೆ. ಅಮ್ಮ ಮಣೆ ಬಿಟ್ಟು ಏಳದೆ, ಏನಾಗುತ್ತಿದೆ ಎಂದು ಆಗಾಗ ಕೇಳುತ್ತಿದ್ದರು. ಅವರ ಕೈಬೆರಳು ಸೆರಗಿನ ಅಂಚನ್ನು ಸುತ್ತುತ್ತ ಬಿಚ್ಚುತ್ತ ಇದ್ದುದನ್ನು ಆಗ ಕಂಡೆ. ಅಂಜಿದವನು ನಾನೊಬ್ಬನೇ ಆಗಿರಲಿಲ್ಲ. ಗೆದ್ದರೂ ಕತ್ತಿಗೆ ಕಣ್ಣು ಕೊಡಬೇಕಾದವರು ಅವರು.

ಚೂರು ಕೆಳಗೆ ಬೀಳಲೆಂದು ಮಾಸ್ತರರು ಲೆನ್ಸನ್ನು ಬೋರಲಾಗಿ ಹಿಡಿದರು. ಹೊಡೆಯುವುದು ನಾನೇ ಎಂದೆ. ಭಟ್ಟರ ಗಲ್ಲೆಯ ಬೀಗದ ಕೈಯನ್ನು ತೆಗೆದುಕೊಂಡು, ಕೆಳಗಿನಿಂದ, ಅಂಚಿನ ಹತ್ತಿರ ಒಮ್ಮೆ ತಟ್ಟಿದೆ. ಏನೂ ಆಗಲಿಲ್ಲ. ಕೊಸರಿಗೆ ಬಂದ ಗಾಜು ಇಷ್ಟು ಗಟ್ಟಿ ಇರುತ್ತದೆಂದು ಯಾರಿಗೆ ಗೊತ್ತು? ಎರಡನೆಯ ಸಲ ತಟ್ಟಿದೆ. ಮೂರನೆಯ ಸಲ ಕಣ್ಣು ಮುಚ್ಚಿ ತಟ್ಟಿದೆ. ಹಪ್ಪಳ ಮುರಿದಂಥ ಸದ್ದು ಬಂತು. ಮಾಸ್ತರರು ಉಸಿರು ಬಿಗಿಹಿಡಿದು ಬಟ್ಟೆಯ ತುದಿ ಹಿಡಿದು ಎಳೆದರು. ಚೂರುಗಳೆಲ್ಲ ಬಟ್ಟೆಗೆ ಅಂಟಿಕೊಂಡು ಬಂದವು. ಎಲ್ಲ ಅಲ್ಲ. ಒಂದು ಚೂರು ಬಳೆಯಲ್ಲಿ ಉಳಿದಿದ್ದು, ಹೊರಬರುವಾಗ ಒಳಗೆ ಎಲ್ಲೋ ಕಿರ್ ಎಂದಿತು. ಆ ಕಿರ್ ನನ್ನ ಹಲ್ಲಿನಲ್ಲಿ ಇವತ್ತಿಗೂ ಇದೆ. ಬೆಳಕಿಗೆ ಹಿಡಿದು ನೋಡಿದೆವು. ಲೆನ್ಸಿನ ಅಂಚಿನಲ್ಲಿ, ಬಳೆಯ ನೆರಳಿನಲ್ಲಿ, ಉಗುರು ತಾಗಿದಷ್ಟು ಒಂದು ಗೀರು. ನಡುವೆ ಎಲ್ಲ ಸ್ವಚ್ಛ. "ಹೋಗಲಿ ಬಿಡ್ರಿ, ಅದು ಚಿತ್ರದಾಗ ಕಾಣಂಗಿಲ್ಲ" ಎಂದರು ಮಾಸ್ತರರು. ಚಿತ್ರದಲ್ಲಿ ಕಾಣುವುದಿಲ್ಲ, ನಿಜ. ನನಗೆ ಕಾಣುತ್ತದೆ.

ಲೆನ್ಸು ಕೂಡಿಸಿ ಬಟ್ಟೆಯೊಳಗೆ ಹೋದೆ. ದೀಪ ಒಂದೇ ಇತ್ತು. ಅಮ್ಮನ ಮುಖ, ತಲೆಕೆಳಗಾಗಿದ್ದರೂ, ಒಂದೊಂದು ಗೆರೆಯೂ ಎಣಿಸುವಂತೆ ಬಂದು ನಿಂತಿತ್ತು. ನನ್ನ ಲೆನ್ಸು ಇಷ್ಟು ಚೆನ್ನಾಗಿ ನೋಡುತ್ತದೆಂದು ಒಂದು ವರ್ಷದಿಂದ ನನಗೆ ಮರೆತೇಹೋಗಿತ್ತು. ಎರಡು ಪ್ಲೇಟಿಗೂ ತೆಗೆದೆ. ಎರಡನೆಯದು ಮುಗಿಯುವಷ್ಟರಲ್ಲಿ ಟಾಂಗಾದವನು ಮೂರನೆಯ ಸಲ ಕೂಗಿದ. ಅಮ್ಮ, "ಹೇಗೆ ನೋಡಿತು?" ಎಂದರು. ಸರಿಯಾಗಿ ನೋಡಿತು ಎಂದೆ. ಅವರು ಗೋಡೆ ಹಿಡಿದು ಎದ್ದು, ಸೆರಗು ಸರಿಮಾಡಿಕೊಂಡು, ಟಾಂಗಾದವನಿಗೆ ಹೋಗಲು ಹೇಳು ಎಂದು ಮಗನಿಗೆ ಹೇಳಿದರು. ಭಟ್ಟರು ಮೆಟ್ಟಿಲು ಇಳಿದು ಹೋದವರು ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ಟಾಂಗಾ ಮಾತ್ರ ಆಗಲೇ ಹೋಗಿತ್ತು.

ಅಮ್ಮನ ಪೊರೆ ತೆಗೆದದ್ದು ಸುಸೂತ್ರವಾಯಿತು. ಕೆಲವು ವಾರಗಳ ಮೇಲೆ ಅವರಿಗೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಬಂತು. ಪೊರೆ ತೆಗೆದವರು ಕೊನೆಗೆ ಎದುರಿಗೆ ಗಾಜು ಇಟ್ಟರಲ್ಲ ಎಂದು ನಾನು ಮಾಸ್ತರರ ಮುಂದೆ ವಾದ ತೆಗೆಯದ ದಿನವಿಲ್ಲ. ಕನ್ನಡಕ ಬಂದ ಮೇಲಿನ ಮೊದಲ ಭಾನುವಾರ ನಾವಿಬ್ಬರೂ ಪಟಕ್ಕೆ ಚೌಕಟ್ಟು ಕಟ್ಟಿಸಿಕೊಂಡು ಭಟ್ಟರ ಮಾಳಿಗೆ ಹತ್ತಿದೆವು. ಅಮ್ಮ ಪಟವನ್ನು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಇದು ನಮ್ಮ ಅಮ್ಮನ ಪಟ. ನಿಮಗೆ ಎಲ್ಲಿ ಸಿಕ್ಕಿತು?" ಎಂದು ಕೇಳಿದರು. ತಮ್ಮ ಮುಖವನ್ನು ಅವರು ಕನ್ನಡಿಯಲ್ಲಿ ನೋಡಿ ಅಷ್ಟು ವರ್ಷವಾಗಿತ್ತು. ಅಷ್ಟರಲ್ಲಿ ಅವರು ತಮ್ಮ ತಾಯಿಯಾಗಿಬಿಟ್ಟಿದ್ದರು. ಭಟ್ಟರು, ಒಲೆಯ ಮೇಲೆ ಏನೋ ಇದೆ ಎಂದು ಕೆಳಗೆ ಹೋದರು. ಭಾನುವಾರ ಮಧ್ಯಾಹ್ನ ಅವರ ಒಲೆ ಆರಿರುತ್ತದೆ.

ಆಮೇಲೆ ಅಮ್ಮ ಪಟವನ್ನು ಕೆಳಗಿಟ್ಟು, ಕನ್ನಡಕ ಸರಿಪಡಿಸಿಕೊಂಡು ನನ್ನ ಕಡೆ ತಿರುಗಿದರು. ಕ್ಯಾಮೆರಾದ ಮುಂದೆ ಅವರನ್ನು ಕೂಡಿಸಿದವನು ನಾನು. ಅಂಥ ನೋಟದ ಎದುರಿಗೆ ನಾನು ಕೂತದ್ದು ಅದೇ ಮೊದಲು. ತಲೆಯಿಂದ ಪಾದದವರೆಗೆ, ಒಂದು ಗೆರೆಯನ್ನೂ ಬಿಡದೆ ನೋಡಿದರು. ನಾನು ಕೋಟಿನ ಗುಂಡಿ ಹಾಕಿಕೊಂಡೆ.

"ಪಟದವರು ನೀವೇನಾ?" ಎಂದರು. "ಪೊರೆ ಇದ್ದಾಗ ಚೂರು ಚೆಂದ ಕಾಣ್ತಿದ್ರಿ ಮಾರಾಯ್ರೆ."

ಮಾಸ್ತರರು ಒಂದು ವರ್ಷದಿಂದ ಹಿಡಿದಿಟ್ಟ ನಗೆಯನ್ನೆಲ್ಲ ಆಗ ನಕ್ಕರು. ಈಗ ಗಾಜಿನ ವಿಷಯದಲ್ಲಿ ಯಾರು ಕೇಳಿದರೂ, ಕೇಳದಿದ್ದರೂ, ನನ್ನ ಸಲಹೆ ಇಷ್ಟೇ: ಫೋಟೋ ತೆಗೆಯುವಾಗ ಗಾಜು ತೆಗೆದುಬಿಡಿ. ಫೋಟೋ ತೆಗೆಯುವವನನ್ನು ನೋಡುವಾಗ ಮಾತ್ರ, ದಯವಿಟ್ಟು, ಅದು ಇರಲಿ ಬಿಡಿ.